ಕೋಟು ಹಾಕದ ಫೋಟೋ

ಬಣ್ಣ ಕೆಡಬಹುದಿತ್ತು. ಇಳಕಲ್ ಸೀರೆಯ ಕೆಂಪು ಸೆರಗು ಇಟ್ಟಿಗೆಯ ಬಣ್ಣಕ್ಕೆ ತಿರುಗಬಹುದಿತ್ತು, ಹಣೆಯ ವಿಭೂತಿ ಮಾಯವಾಗಬಹುದಿತ್ತು, ಅತ್ತೆ ಒಂದೇ ಸಲಕ್ಕೆ ಬೆಳ್ಳಗಾಗಿಬಿಡಬಹುದಿತ್ತು. ಶಾಯಿ ಆರುವ ಮೊದಲೇ ಯಾರದೋ ಹೆಬ್ಬೆರಳು ಗಲ್ಲದ ಮೇಲೆ ಕೂರಬಹುದಿತ್ತು. ಲ್ಯಾಬಿನವನು ಪಕ್ಕದ ಲಕೋಟೆ ಎತ್ತಿಕೊಟ್ಟು, ಯಾರದೋ ಮಗುವಿನ ಹುಟ್ಟುಹಬ್ಬವನ್ನು ನಾವು ಗದಗಿಗೆ ಕಳಿಸಬಹುದಿತ್ತು. ಅಥವಾ ಫೋಟೋ ಚೆನ್ನಾಗಿ ಬಂದಿದೆಯೆಂದು ಅವನು ಅದನ್ನು ಅಂಗಡಿಯ ಗಾಜಿಗೆ ಅಂಟಿಸಿ, ಅತ್ತೆ ಕುವೈತಿನ ಫಹಾಹೀಲ್ ಪೇಟೆಬೀದಿಯನ್ನು ನೋಡುತ್ತ ವರ್ಷಗಟ್ಟಲೆ ಕೂರಬಹುದಿತ್ತು. ವಿಮಾನ ನಿಲ್ದಾಣದಲ್ಲಿ ಆ ಉದ್ದನೆಯ ಕೊಳವೆ ಬಿಚ್ಚಿಸಿ ಇದೇನೆಂದು ಕೇಳಿದರೆ, ಬದುಕಿರುವ ಹೆಂಗಸೊಬ್ಬಳು ತಾನು ಸತ್ತ ಮೇಲೆ ಗೋಡೆಗೆ ಹಾಕುವ ಫೋಟೋವನ್ನು ತಾನೇ ಒಯ್ಯುತ್ತಿದ್ದಾಳೆಂದು ಯಾವ ಭಾಷೆಯಲ್ಲಿ ಹೇಳುವುದು? ಹೆಂಡತಿ ನನ್ನೊಡನೆ ಮಾತು ಬಿಡಬಹುದಿತ್ತು. ಇನ್ನು ನಾನು ಬಾಯಿಬಿಟ್ಟು ಹೇಳದೆ ಉಳಿಸಿಕೊಂಡ ಒಂದಿತ್ತು: ಫೋಟೋ ತಯಾರಾಗುವ ಮೊದಲೇ ಅದರ ಅಗತ್ಯ ಬಿದ್ದುಬಿಡಬಹುದಿತ್ತು.

ನಾನು ಮೊದಲಿನಿಂದಲೂ ಹೀಗೆ. ಅಹ್ಮದಿಯ ತೈಲ ಕಂಪನಿಯ ಆಫೀಸಿನಲ್ಲಿ ನನ್ನ ಕೆಲಸವೇ ಇದು. ಪಂಪು ನಿಂತರೆ ಏನು, ವಾಲ್ವು ಸೋರಿದರೆ ಏನು, ಎರಡೂ ಒಟ್ಟಿಗೆ ಆದರೆ ಏನು ಎಂದು ಮುಂಚೆಯೇ ಯೋಚಿಸಿ ಇಡುವುದು. ಅಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತೇನೆ, ಆದರೆ ಮನೆಯವರು ಅದಕ್ಕೆ ಇಟ್ಟಿರುವ ಹೆಸರು ಬೇರೆ.

ಅತ್ತೆ, ಎಂದರೆ ನನ್ನ ಹೆಂಡತಿಯ ತಾಯಿ, ಆ ಚಳಿಗಾಲ ವಿಸಿಟ್ ವೀಸಾದ ಮೇಲೆ ಮಹಬೂಲಾದ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಅವರು ಗದಗಿನಲ್ಲಿ ಮಗ ಸೊಸೆಯರ ಜೊತೆಗೆ, ತುಂಬಿದ ಮನೆಯಲ್ಲಿ, ಎಲ್ಲರಿಗೂ ಬೈದುಕೊಂಡು ಆರಾಮಾಗಿರುವವರು. ಕುವೈತಿನಲ್ಲಿ ಬೈಯಲು ಹೆಚ್ಚು ಜನ ಸಿಗಲಿಲ್ಲ. ನನಗಂತೂ ಬೈಯುವಂತಿಲ್ಲ, ಯಾಕೆಂದರೆ ನಾನು ಅಳಿಯ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ಅವನ ಮುಖ ನೋಡಿ ಮಾತಾಡುವುದಿಲ್ಲ, ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ. ಈಗಿನ ಕಾಲದಲ್ಲಿ ಇದನ್ನೆಲ್ಲ ಎಷ್ಟೋ ಮನೆಗಳಲ್ಲಿ ಬಿಟ್ಟಿದ್ದಾರೆ. ನಮ್ಮ ಅತ್ತೆ ಬಿಟ್ಟಿರಲಿಲ್ಲ. ಮದುವೆಯಾದಾಗಿನಿಂದ ನಾನು ಅವರ ಪಕ್ಕಮುಖವನ್ನಷ್ಟೇ ಬಲ್ಲೆ. ಅವರು ನನ್ನಲ್ಲಿ ಏನನ್ನು ಬಲ್ಲರೋ, ಬಹುಶಃ ಪಾದಗಳನ್ನು.

ಆದರೆ ಗದಗಿನ ಮನೆಯಲ್ಲಿ ಪಡಸಾಲೆ, ನಡುಮನೆ, ಹಿತ್ತಲು ಎಂದು ಅಡಗಲು ಜಾಗವಿದೆ. ಮಹಬೂಲಾದ ಫ್ಲ್ಯಾಟಿನಲ್ಲಿ ಒಂದು ಹಾಲು. ನಾವು ಒಂದೇ ಸೋಫಾದ ಎರಡು ತುದಿಗಳಲ್ಲಿ ಕೂತು, ನಡುವೆ ನನ್ನ ಹೆಂಡತಿಯನ್ನು ಇಟ್ಟುಕೊಂಡು ಮಾತಾಡುತ್ತಿದ್ದೆವು.

“ನಿಮ್ಮವರಿಗೆ ಕೇಳು, ಇನ್ನೊಂದು ರೊಟ್ಟಿ ಹಾಕ್ಲೇನು ಅಂತ.”

“ಬೇಕೇನ್ರೀ ಇನ್ನೊಂದು?”

“ಬ್ಯಾಡ, ಹೊಟ್ಟಿ ತುಂಬೇತಿ ಅಂತ ಹೇಳು.”

“ಬ್ಯಾಡಂತ ಅವ್ವ.”

“ಹಂಗಂದ್ರ ಅರ್ಧ ಹಾಕ್ತೀನಿ ಅಂತ ಹೇಳು.”

ಇದಕ್ಕೊಂದು ನಿಯಮವಿತ್ತು. ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ, ಆದರೆ ಹೆಂಡತಿ ಹೇಳುವವರೆಗೆ ನನಗೆ ಕೇಳಿಸಿಲ್ಲ. ನಮ್ಮ ಮಗಳಿಗೆ ಇದು ಬಹಳ ತಮಾಷೆ. “ಇಟ್ಸ್ ಲೈಕ್ ಬ್ಲೂಟೂತ್, ಬಟ್ ಸ್ಲೋ,” ಎಂದಿದ್ದಳು.

ಅತ್ತೆ ಊರಿಗೆ ಹೊರಡುವ ದಿನ ಹತ್ತಿರವಾಗುತ್ತಿತ್ತು. ಒಂದು ಸಂಜೆ ಚಹಾ ಕುಡಿಯುತ್ತ ಅವರು ಟಿ.ವಿ. ಕಡೆ ನೋಡುತ್ತಲೇ ನನ್ನ ಹೆಂಡತಿಗೆ ಹೇಳಿದರು.

“ತಂಗಿ, ನಿಮ್ಮವರಿಗೆ ಹೇಳು, ನಂದೊಂದು ದೊಡ್ಡ ಪೋಟೋ ತಗಸಬೇಕು. ಗ್ವಾಡಿಗೆ ಹಾಕೂದು.”

ಹೆಂಡತಿ ನನಗೆ ಹೇಳಲಿಲ್ಲ. ಬಟ್ಟಲು ಕೆಳಗಿಟ್ಟಳು.

“ಯಾವ ಗ್ವಾಡಿಗೆ?”

“ನಿಮ್ಮಪ್ಪನ ಬಾಜೂಕ ಜಾಗಾ ಐತಲ್ಲ, ಅಲ್ಲಿ.”

“ಏನ್ ಮಾತಾಡ್ತೀಬೇ ಅವ್ವಾ? ಇದ್ದವರನ್ನ ಯಾರಾದ್ರೂ ಗ್ವಾಡಿಗೆ ಏರಸ್ತಾರೇನು?”

“ಈಗ ಏರಸಂತ ಯಾರಂದ್ರು? ತಗದ್ ಇಡ್ರಿ. ಯಾವತ್ತಿದ್ರೂ ಏರೂದ ಐತಿ. ಛಲೋ ಸೀರಿ ಉಟ್ಟು ಏರ್ತೀನಿ.”

“ನಾ ಹೇಳೂದಿಲ್ಲ ಅವರಿಗೆ.”

ನಾನು ಅಲ್ಲೇ ಕೂತಿದ್ದೆ, ಬಿಸ್ಕತ್ತು ಚಹಾದಲ್ಲಿ ಮುರಿದು ಬಿದ್ದದ್ದು ಕೂಡ ಗೊತ್ತಾಗದಂತೆ. ನಿಯಮದ ಪ್ರಕಾರ ನನಗೆ ಏನೂ ಕೇಳಿಸಿರಲಿಲ್ಲ. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು, ಅಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡತೊಡಗಿದವು. ಸೋಫಾದ ನಡುವೆ ಯಾರೂ ಇರಲಿಲ್ಲ. ಅತ್ತೆ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಆಮೇಲೆ, ನಾನು ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಮೊದಲ ಸಲ, ನೇರವಾಗಿ ನನ್ನೊಡನೆ ಮಾತಾಡಿದರು. ಟಿ.ವಿ.ಯಲ್ಲಿ ಸುದ್ದಿ ಓದುತ್ತಿದ್ದವಳನ್ನು ನೋಡುತ್ತ.

“ನಿಮ್ಮ ಮಾವಾರ ಪೋಟೋ ನೋಡೀರಲ್ರಿ.”

ನೋಡಿದ್ದೇನೆ. ಅದನ್ನು ನೋಡಿದವರು ಮರೆಯುವುದಿಲ್ಲ.

ಮಾವನವರು ತೀರಿಕೊಂಡದ್ದು ದಿಢೀರನೆ. ಸುದ್ದಿ ಬಂದಾಗ ನಮ್ಮ ಪಾಸ್‌ಪೋರ್ಟುಗಳು ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆಂದು ಆಫೀಸಿನಲ್ಲಿದ್ದವು. ಅವು ಕೈಗೆ ಬಂದು, ಟಿಕೆಟ್ ಸಿಕ್ಕು, ಗೋವಾದಿಂದ ಟ್ಯಾಕ್ಸಿ ಹಿಡಿದು ನಾವು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗೋಡೆಯ ಮೇಲೆ ಫೋಟೋ ಏರಿತ್ತು. ಮಾವನವರಿಗೆ ಫೋಟೋ ತೆಗೆಸಿಕೊಳ್ಳುವ ಚಟವಿರಲಿಲ್ಲ. ಸಿಕ್ಕದ್ದು ಮತದಾರರ ಗುರುತಿನ ಚೀಟಿಯ ಚಿತ್ರವೊಂದೇ. ಊರಿನ ಸ್ಟುಡಿಯೋದವನು ಆ ತಲೆಯನ್ನು ಎತ್ತಿ, ತನ್ನಲ್ಲಿ ಸಿದ್ಧವಿದ್ದ ಕರಿ ಕೋಟು, ಕೆಂಪು ಟೈ ಇರುವ ಮೈಯ ಮೇಲೆ ಕೂರಿಸಿ, ಹಿಂದೆ ನೀಲಿ ಆಕಾಶ ಹಚ್ಚಿ ಕೊಟ್ಟಿದ್ದ. ಬದುಕಿರುವವರೆಗೆ ಮೂರು ಗುಂಡಿಯ ಅಂಗಿ, ಧೋತರ ಬಿಟ್ಟು ಬೇರೆ ಉಡದ ಮನುಷ್ಯ. ಕತ್ತು ಆ ಕಾಲರಿಗೆ ಸಣ್ಣದಾಗಿತ್ತು. ಮುಖದಲ್ಲಿ, ಯಾರದೋ ಮದುವೆಗೆ ತಪ್ಪಿ ಬಂದು ಊಟಕ್ಕೆ ಕೂತವರ ಕಳೆ ಇತ್ತು. ಹೆಂಡತಿ ಬಾಗಿಲಲ್ಲಿ ನಿಂತು ಅದನ್ನು ನೋಡಿದವಳು ಮೊದಲು ಕೇಳಿದ್ದು, “ಇವರ್ಯಾರು?” ಎಂದು. ಆಮೇಲೆ ಅತ್ತಳು.

“ದಿನಾ ಮುಂಜಾನೆ ಹೂ ಏರಸ್ತೀನ್ರಿ,” ಎಂದರು ಅತ್ತೆ ಟಿ.ವಿ.ಗೆ. “ಮುಖ ನೋಡಿ ಏರಸ್ತೀನಿ. ಕೆಳಗ ನೋಡೂದಿಲ್ಲ. ಕೆಳಗ ಯಾರೋ ಏನೋ. ನನಗ ಹಂಗ ಮಾಡಬ್ಯಾಡ್ರಿ. ನನ್ನ ಸೀರಿ ಒಳಗ ನಾನ ಇರಬೇಕು.”

ನಾನು ಹೂಂ ಎಂದೆ. ನನಗೂ ಟಿ.ವಿ. ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಹೀಗೆ ಒಂದು ಹೂಂ ಎಂದ ತಪ್ಪಿಗೆ ನಾನು ಛಾಯಾಗ್ರಹಣ, ಕಾಗದ, ಶಾಯಿ, ಪ್ರಿಂಟರು ಎಂಬ ಹೊಸ ಆತಂಕಗಳ ಲೋಕಕ್ಕೆ ಕಾಲಿಟ್ಟೆ. ಹೆಂಡತಿ ಮೊದಲೇ ಹೇಳಿಬಿಟ್ಟಳು: “ನಾ ಇದರಾಗ ಇಲ್ಲ. ಫೋಟೋನೂ ತಗಿಯೂದಿಲ್ಲ, ನೋಡೂದೂ ಇಲ್ಲ.” ಮಗಳು ಉತ್ಸಾಹದಿಂದ ಒಪ್ಪಿ ಅಜ್ಜಿಯ ಫೋಟೋ ತೆಗೆದಳು. ಅವಳ ಫೋನು ತನ್ನಷ್ಟಕ್ಕೆ ತಾನೇ ಅಜ್ಜಿಯ ಸುಕ್ಕುಗಳನ್ನೆಲ್ಲ ತೆಗೆದುಹಾಕಿ, ತುಟಿಗೆ ಸ್ವಲ್ಪ ಬಣ್ಣ ಹಚ್ಚಿತು. ಮೇಲಾಗಿ ಮೊಮ್ಮಗಳು ಏನೋ ಹೇಳಿ ನಗಿಸಿದ್ದರಿಂದ ಅತ್ತೆ ಬಾಯ್ತುಂಬ ನಕ್ಕಿದ್ದರು.

“ಛೀ, ಹಲ್ಲ ಕಾಣ್ತಾವು,” ಎಂದರು ಅದನ್ನು ನೋಡಿ. “ಗ್ವಾಡಿ ಮ್ಯಾಲೆ ನಕ್ಕೋತ ಕುಂತ್ರ, ಸತ್ತಿದ್ದು ಈಕಿಗೆ ಖುಷಿ ಆಗೇತಿ ಅಂತಾರ ಮಂದಿ.”

ಉಳಿದವನು ನಾನು. ಒಂದು ಶುಕ್ರವಾರ ಬೆಳಿಗ್ಗೆ, ಬೆಳಕು ಚೆನ್ನಾಗಿದೆಯೆಂದು, ಬಾಲ್ಕನಿಯ ಬಾಗಿಲ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಅತ್ತೆಯನ್ನು ಹೊರಮುಖವಾಗಿ ಕೂರಿಸಿದೆವು. ಅವರು ಹಸಿರು ಮೈಯ, ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಸಿದ್ಧರಾದರು. ನಾನು ಬಾಲ್ಕನಿಯಲ್ಲಿ ಆಕಾಶಕ್ಕೆ ಬೆನ್ನು ಮಾಡಿ ನಿಂತೆ. ಎರಡು ಕಟ್ಟಡಗಳ ನಡುವೆ ನಮ್ಮ ಪಾಲಿನ ಸಮುದ್ರ ಒಂದು ಗೇಣು ಕಾಣುತ್ತದೆ, ಅದಕ್ಕೂ ಬೆನ್ನು. ಬಿಸಿಲಿಗೆ ತಲೆನೋವು ಬರಬಹುದೆಂದು ತಲೆಗೆ ಟವೆಲ್ ಸುತ್ತಿಕೊಂಡಿದ್ದೆ. ಫೋನು ಕೈಜಾರಿ ಅಷ್ಟು ಮಹಡಿ ಕೆಳಗೆ ಬೀಳಬಹುದೆಂದು ಎರಡೂ ಕೈಗಳಲ್ಲಿ ಹಿಡಿದು ಮೊಣಕೈ ಅಗಲಿಸಿದ್ದೆ.

ಅತ್ತೆ ನೆಲ ನೋಡುತ್ತಿದ್ದರು.

“ಅಜ್ಜಿಗೆ ಹೇಳು, ಈ ಕಡೆ ನೋಡಂತ,” ಎಂದೆ ಮಗಳಿಗೆ. ಮಗಳು ಹೇಳಿದಳು. ಅತ್ತೆ ಕಣ್ಣೆತ್ತಿದರು, ನನ್ನನ್ನು ಕಂಡರು, ಪರದೆಯ ಕಡೆಗೆ ತಿರುಗಿದರು. ಒಂದಾದ ಮೇಲೊಂದು ಫೋಟೋದಲ್ಲಿ ಅವರು ನೆಲ, ಪರದೆ, ಹಗ್ಗದ ಮೇಲಿನ ಬಟ್ಟೆ, ಒಮ್ಮೆ ಪಾರಿವಾಳ, ಎಲ್ಲವನ್ನೂ ನೋಡಿದರು. ಬೇಸತ್ತ ಮಗಳು ಒಳಗೆ ಹೋದಳು. ಈಗ ಮತ್ತೆ ನಡುವೆ ಯಾರೂ ಇಲ್ಲ.

“ಅತ್ತಿ,” ಎಂದೆ. “ಇಕಾಡೆ ನೋಡ್ರಿ.”

“ಹೆಂಗ ನೋಡೂದ್ರಿ,” ಎಂದರು ಪರದೆಗೆ. “ಅಳಿಯಂದ್ರು ನೀವು.”

“ನನ್ನ ನೋಡಬ್ಯಾಡ್ರಿ, ಫೋನ್ ನೋಡ್ರಿ. ಹಿಂದ ಯಾರೂ ಇಲ್ಲಂತ ತಿಳ್ಕೋರಿ.”

“ಹಿಂದ ಯಾರೂ ಇಲ್ಲಂದ್ರ ಪೋಟೋ ಯಾರ್ ತಗೀತಾರು?”

“ಅದರಷ್ಟಕ್ಕ ಅದ ತಗೀತೈತ್ರಿ.”

ಅವರು ಸೆರಗು ಸರಿಮಾಡಿಕೊಂಡು, ಬೆನ್ನು ನೇರ ಮಾಡಿ, ಮುಖವೆತ್ತಿ ನೇರವಾಗಿ ನೋಡಿದರು. ಬಂದ ಸಾಲಗಾರನನ್ನೂ ಬಂದ ಬೀಗರನ್ನೂ ಒಂದೇ ರೀತಿ ನೋಡಬಲ್ಲ ನೋಟ. ನಾನು ಗಾಬರಿಯಲ್ಲಿ ಒತ್ತಿದೆ. ಒಂದೇ ಒಂದು. ಮರುಕ್ಷಣ ಅವರು “ಆತಿಲ್ರಿ?” ಎಂದು ಎದ್ದು ಒಳಗೆ ಹೋಗಿಯಾಗಿತ್ತು.

ಫೋಟೋ ಚೆನ್ನಾಗಿತ್ತು. ನನ್ನ ಜೀವನದಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಅದೊಂದೇ ಎಂದು ಈಗಲೂ ಅನಿಸುತ್ತದೆ. ಆತಂಕ ಶುರುವಾದದ್ದೇ ಅಲ್ಲಿಂದ. ಕೆಟ್ಟ ಫೋಟೋವನ್ನು ಯಾರೂ ಕೆಡಿಸಲಾರರು.

ಲ್ಯಾಬಿಗೆ ಕೊಡುವುದೋ, ಮನೆಯಲ್ಲೇ ಪ್ರಿಂಟ್ ಮಾಡುವುದೋ? ಲ್ಯಾಬು ಎಂದೊಡನೆ ನನಗೆ ಕಾಣುತ್ತಿದ್ದುದು ಕರಿ ಕೋಟು. ನಮ್ಮ ಕೈ ತಪ್ಪಿದ ಮೇಲೆ ಅವರು ಏನು ಬೇಕಾದರೂ ತೊಡಿಸಬಹುದು. ಮನೆಯಲ್ಲೇ ಪ್ರಿಂಟರು ಇದ್ದರೆ ಎಲ್ಲವೂ ನಮ್ಮ ಹತೋಟಿಯಲ್ಲಿ. ಈ ಹತೋಟಿ ಎಂಬ ಪದ ನನ್ನನ್ನು ಎಷ್ಟೋ ಸಲ ಹಾಳುಮಾಡಿದೆ. ಆಫೀಸಿನ ಊಟದ ವೇಳೆಯಲ್ಲಿ ಪ್ರಿಂಟರುಗಳ ವೀಡಿಯೋ ನೋಡತೊಡಗಿದೆ. ತೀರ್ಪು ಕೊಡುವವರೆಲ್ಲ ತರುಣರು, ಎಲ್ಲರೂ ಅಳಿಲು, ಹೂವು, ಸೂರ್ಯಾಸ್ತಗಳನ್ನು ಮುದ್ರಿಸಿ ತೋರಿಸುತ್ತಿದ್ದರು. ಇಳಕಲ್ ಸೆರಗಿನ ಕೆಂಪು ಬರುತ್ತದೋ ಇಲ್ಲವೋ ಎಂದು ಒಬ್ಬನೂ ಹೇಳಲಿಲ್ಲ. ಕೊನೆಗೆ ಹೈಪರ್ ಮಾರ್ಕೆಟ್ಟಿನಿಂದ ಒಂದನ್ನು ತಂದು, ಡೈನಿಂಗ್ ಟೇಬಲ್ಲಿನ ಮೇಲೆ ಉಪ್ಪಿನಕಾಯಿ ಬಾಟಲಿಗಳನ್ನು ಸರಿಸಿ ಇಟ್ಟೆ.

“ಅಪ್ಪಾ, ಜಸ್ಟ್ ಗೋ ಟು ಎ ಲ್ಯಾಬ್,” ಎಂದಳು ಮಗಳು. “ಪೀಪಲ್ ಡೂ ದಿಸ್ ಫಾರ್ ಎ ಲಿವಿಂಗ್.”

“ನಿಮ್ಮಜ್ಜಗ ಕೋಟ್ ಹಾಕಿದವರೂ ಅದನ್ನ ಮಾಡಿ ಹೊಟ್ಟಿ ಹೊರ್ಕೋತಿದ್ರು,” ಎಂದೆ.

ಮೊದಲ ಪ್ರತಿ ಹೊರಬರುವಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೊದಲು ಸೆರಗಿನ ತುದಿ ಬಂತು, ಆಮೇಲೆ ಹಣೆ, ಆಮೇಲೆ ಕಣ್ಣು. ಅಲ್ಲಿಗೆ ಪ್ರಿಂಟರು ಗೊರಕೆಯಂಥ ಸದ್ದು ಮಾಡಿ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಳೆದು ತೆಗೆದಾಗ ಮೂಗಿನ ಮೇಲಿನ ಅತ್ತೆ ಮಾತ್ರ ಸಿಕ್ಕರು. ಎರಡನೆಯದು ಪೂರ್ತಿ ಬಂತು, ಆದರೆ ಮುಖದ ಮೇಲೆ ಅಡ್ಡ ಗೆರೆಗಳು, ಕಿಟಕಿಯ ಸರಳಿನ ಹಿಂದೆ ಕೂತಂತೆ. ಮೂರನೆಯದರಲ್ಲಿ ಗೆರೆ ಹೋಗಿ ಮೈಬಣ್ಣ ಹಸಿರಾಯಿತು. ನಾಲ್ಕನೆಯದು ಬಹುಮಟ್ಟಿಗೆ ಸರಿ ಇತ್ತು. ಅದನ್ನು ಆರಲು ಇಟ್ಟ ದಿನವೇ ಹೊರಗೆ ಧೂಳುಗಾಳಿ ಎದ್ದು, ಬಾಲ್ಕನಿ ಬಾಗಿಲ ಸಂದಿಯಿಂದ ಬಂದ ಮರುಭೂಮಿ ಅವರ ಗಲ್ಲದ ಮೇಲೆ ಕೂತಿತು. ಸೆರಗಿನ ಕೆಂಪು ಮಾತ್ರ ಎಲ್ಲದರಲ್ಲೂ ಒಂದೇ: ಇಟ್ಟಿಗೆ.

ಅತ್ತೆ ನಾಲ್ಕನೆಯದನ್ನು ಕೈಯಲ್ಲಿ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದರು. ಆಗ ಹೆಂಡತಿ ಮನೆಯಲ್ಲಿರಲಿಲ್ಲವಾದ್ದರಿಂದ ಫ್ರಿಜ್ಜಿಗೆ ಹೇಳಿದರು.

“ಮಷೀನಿಗೆ ಪಾಪ, ನಮ್ಮ ಕೆಂಪ ಗೊತ್ತಿಲ್ಲ. ಮತ್ತ ಸಣ್ಣದಾತು. ನಿಮ್ಮ ಮಾವಾರು ಅಷ್ಟ್ ದೊಡ್ಡವರು, ಬಾಜೂಕ ನಾ ಇಷ್ಟ ಇದ್ರ, ಅವರ ಕೋಟಿನ ಕಿಸೆದಾಗಿಂದ ಬಿದ್ದಂಗ ಕಾಣ್ತೈತಿ.”

ಸಣ್ಣದು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಏನೇನೋ ಕೆಡಬಹುದೆಂದು ಎಣಿಸಿದವನು, ಪ್ರಿಂಟರಿನ ಬಾಯಿ ಎಷ್ಟು ಅಗಲವೋ ಫೋಟೋ ಅಷ್ಟೇ ಎಂಬುದನ್ನು ಮರೆತಿದ್ದೆ.

ಆ ಸಂಜೆ ಹೆಂಡತಿ ಕೆಲಸದಿಂದ ಬಂದು ಟೇಬಲ್ಲಿನ ಮೇಲೆ ಹರಡಿದ್ದ ತಾಯಿಯನ್ನು ಕಂಡಳು. ಅರ್ಧ ತಾಯಿ, ಹಸಿರು ತಾಯಿ, ಸರಳಿನ ಹಿಂದಿನ ತಾಯಿ. ಬೈಯುತ್ತಾಳೆಂದು ನಾನು ಪ್ರಿಂಟರಿನ ಹಿಂದೆ ವಯರು ಹುಡುಕುವವನಂತೆ ಬಗ್ಗಿದೆ. ಅವಳು ಬೈಯಲಿಲ್ಲ. ಅರ್ಧ ಮುಖದ ಪ್ರತಿಯನ್ನು ಎತ್ತಿಕೊಂಡು, ಪರ್ಸು ಹೆಗಲಲ್ಲೇ ಇರುವಂತೆ ಕುರ್ಚಿಯಲ್ಲಿ ಕೂತಳು.

“ಅಪ್ಪನ ಟೈಮಿನ್ಯಾಗ ನಾವು ಹೋಗೂದ್ರೊಳಗ ಕೋಟ್ ಹಾಕಿ ಆಗಿತ್ತು,” ಎಂದಳು.

“ಹೂಂ.”

“ನಾ ಇದ್ದಿದ್ರ ಹಾಕ್ಸತಿರಲಿಲ್ಲ.”

“ಹೂಂ.”

“ಏನ್ ಹೂಂ ಹೂಂ ಅಂತೀರಿ. ಈ ಡಬ್ಬಿ ಕಟ್ಟಿ ಇಡ್ರಿ, ನಾಳೆ ಲ್ಯಾಬಿಗೆ ಹೋಗ್ರಿ. ಸೀರಿ ತಗೊಂಡು ಹೋಗ್ರಿ, ಕೆಂಪ ತೋರಸಾಕ.”

ಒಳಕೋಣೆಯಿಂದ ಅತ್ತೆಯ ದನಿ ಬಂತು: “ಇಸ್ತ್ರಿ ಮಾಡೀನಿ, ಮಡಿಕೆ ಕೆಡಸಬ್ಯಾಡ್ರಿ ಅಂತ ಹೇಳು.”

ಮರುದಿನ ಕೆಲಸ ಮುಗಿಸಿ, ಹೈಪರ್ ಮಾರ್ಕೆಟ್ಟಿನ ಚೀಲದಲ್ಲಿ ಇಳಕಲ್ ಸೀರೆ ಇಟ್ಟುಕೊಂಡು ಫಹಾಹೀಲಿನ ಒಂದು ಲ್ಯಾಬಿಗೆ ಹೋದೆ. ಸಿವಿಲ್ ಐಡಿ ಫೋಟೋಗಳಿಗೆ ಸಾಲು ನಿಂತಿತ್ತು. ಕೌಂಟರಿನವನು ಹೈದರಾಬಾದಿನ ಕಡೆಯವನು, ಮಾತಿನಲ್ಲಿ ಬಹಳ ಮರ್ಯಾದಸ್ಥ. ನನ್ನ ಫೋನಿನಿಂದ ಫೋಟೋ ತನ್ನ ಪರದೆಗೆ ತೆಗೆದುಕೊಂಡ. ನಾನು ಕೌಂಟರಿನ ಮೇಲೆ ಸೀರೆ ಬಿಚ್ಚತೊಡಗಿದೆ. ಅವನು ಸ್ವಲ್ಪ ಹಿಂದೆ ಸರಿದ.

“ಭಾಯಿ, ಯೇ ಕ್ಯಾ ಹೈ?”

“ಕಲರ್,” ಎಂದೆ. “ಯಹೀ ರೆಡ್ ಚಾಹಿಯೇ. ಯಹೀ.”

ಅವನು ಸೆರಗನ್ನು ಬೆಳಕಿಗೆ ಹಿಡಿದು, ಪರದೆಗೆ ಹಿಡಿದು ನೋಡಿದ. ನಂತರ ಫೋಟೋವನ್ನೂ ನನ್ನ ಮುಖವನ್ನೂ ನೋಡಿ ದನಿ ತಗ್ಗಿಸಿದ.

“ಅಮ್ಮಾ ಗುಜರ್ ಗಯೀಂ?”

“ನಹೀಂ ನಹೀಂ! ಘರ್ ಮೇಂ ಹೈ. ಚಾಯ್ ಪೀ ರಹೀ ಹೈ.”

ಅವನು ಸಂತಾಪಕ್ಕೆ ಸಿದ್ಧ ಮಾಡಿದ್ದ ಮುಖವನ್ನು ಮೆಲ್ಲಗೆ ಮಡಚಿಟ್ಟು, ಮೌಸ್ ಹಿಡಿದ. ಆ ಕೈಯಲ್ಲಿ ವೇಗವಿತ್ತು. ಬೇರೆಯವರ ಅತ್ತೆಯರನ್ನು ದಿನಕ್ಕೆಷ್ಟು ನೋಡುತ್ತಾನೋ ಏನೋ. ನಾನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಅತ್ತೆಯ ಹಣೆ ಖಾಲಿಯಾಗಿತ್ತು.

“ವಿಭೂತಿ!” ಎಂದು ಕೂಗಿಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು.

“ಫ್ಲ್ಯಾಶ್ ಥಾ ನಾ ಭಾಯಿ, ಸಫೇದ್ ಸಫೇದ್. ಕ್ಲೀನ್ ಕರ್ ದಿಯಾ.”

ಫ್ಲ್ಯಾಶಿನ ಬಿಳುಪೆಂದು ತಿಳಿದು ಒರೆಸಿದ್ದಾನೆ. ಅದು ದೇವರದು, ಹಣೆಗೆ ಹಚ್ಚುವುದು, ಹುಟ್ಟಿದಾಗಿನಿಂದ ಅಲ್ಲೇ ಇರುವುದು ಎಂದು ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಅವನು ತಕ್ಷಣ ನಾಲಿಗೆ ಕಚ್ಚಿಕೊಂಡು, “ಮಾಫ್ ಕರೋ,” ಎಂದು ಒಂದು ಗುಂಡಿ ಒತ್ತಿ ವಿಭೂತಿಯನ್ನು ಹಿಂದಕ್ಕೆ ತಂದ. ನಮ್ಮ ಜೀವನದಲ್ಲೂ ಅಂಥ ಗುಂಡಿ ಒಂದಿದ್ದರೆ ಎನಿಸಿತು.

“ಸ್ಕಿನ್ ಥೋಡಾ ಗೋರಾ ಕರೂಂ?”

“ಬಿಲ್ಕುಲ್ ನಹೀಂ.”

“ಬ್ಯಾಕ್‌ಗ್ರೌಂಡ್? ಝರನಾ ಹೈ, ಬಾಗ್ ಹೈ…”

“ಭಾಯಿ, ಕುಛ್ ನಹೀಂ. ಜೈಸಾ ಹೈ ವೈಸಾ. ಯಲ್ಲಾ, ಖಲಾಸ್.”

ಅವನಿಗೆ ಬೇಸರವಾಯಿತು. ಕೈಯಲ್ಲಿ ಜಲಪಾತ, ಉದ್ಯಾನ ಎಲ್ಲ ಇಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯನ್ನೇ ಮುದ್ರಿಸಬೇಕೆಂದರೆ ಯಾರಿಗಾದರೂ ಬೇಸರವೇ. ಆದರೂ ಗೋಡೆಗೆ ತಕ್ಕ ದೊಡ್ಡ ಅಳತೆ ಒಪ್ಪಿಕೊಂಡು, ಪಟ್ಟಿ ಪಟ್ಟಿಯಾಗಿ ಪರೀಕ್ಷೆಯ ಪ್ರತಿ ತೆಗೆದು, ಸೆರಗಿನ ಪಕ್ಕ ಹಿಡಿದು, ಮತ್ತೆ ತೆಗೆದು, ಅವನಿಗೂ ಒಂದು ಹಟ ಹಿಡಿಯಿತು. ಕೊನೆಯ ಪಟ್ಟಿಯನ್ನು ಸೀರೆಯ ಮೇಲೆ ಇಟ್ಟಾಗ ಅದು ಎಲ್ಲಿ ಮುಗಿದು ಸೀರೆ ಎಲ್ಲಿ ಶುರುವಾಗುತ್ತದೆಂದು ಹುಡುಕಬೇಕಾಯಿತು. ನನ್ನ ಎದೆಯಲ್ಲಿ ಏನೋ ಸಡಿಲವಾಯಿತು. ತಕ್ಷಣ, ಇಷ್ಟು ಸರಿಯಾಗಿ ಆಗುತ್ತಿದೆಯೆಂದರೆ ಇನ್ನೆಲ್ಲೋ ಕೆಡುತ್ತಿರಬೇಕೆಂದು ಅದು ಮತ್ತೆ ಬಿಗಿಯಿತು.

ಫೋಟೋ ಕೈಗೆ ಬಂದದ್ದು ಅತ್ತೆ ಹೊರಡುವ ಹಿಂದಿನ ಸಂಜೆ. ದಾರಿಯುದ್ದಕ್ಕೂ ಆ ಕೊಳವೆಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಸೀಟ್ ಬೆಲ್ಟ್ ಹಾಕಿದ್ದೆ. ಅತ್ತೆಯನ್ನು ಎಂದೂ ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋದವನಲ್ಲ.

ಮನೆಯಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದು ಮಲಗಿದ್ದವು. ಹಾಸಿಗೆಯ ಮೇಲೆ ಫೋಟೋ ಬಿಡಿಸಿ, ಸುರುಳಿ ಸುತ್ತಿಕೊಳ್ಳದಂತೆ ಮೂಲೆಗಳಿಗೆ ಖರ್ಜೂರದ ಪೊಟ್ಟಣ, ಹಾಲಿನ ಪುಡಿಯ ಡಬ್ಬಿಗಳನ್ನು ಇಟ್ಟೆವು. ಕಾಗದದ ಮೇಲೆ ಅತ್ತೆ ಕೂತಿದ್ದರು. ತಮ್ಮ ಸೀರೆಯೊಳಗೆ ತಾವೇ. ಕೆಂಪು ಕೆಂಪಾಗಿತ್ತು, ವಿಭೂತಿ ಹಣೆಯಲ್ಲಿತ್ತು, ಸುಕ್ಕುಗಳು ಒಂದೂ ಕಳೆದಿರಲಿಲ್ಲ. ನಾನು ಬಣ್ಣ ನೋಡಿದೆ, ಅಂಚು ನೋಡಿದೆ, ಬೆರಳಿನ ಗುರುತಿದೆಯೇ ಎಂದು ಓರೆಯಾಗಿ ನೋಡಿದೆ. ಏನೂ ಕೆಟ್ಟಿರಲಿಲ್ಲ.

ನೋಡುವುದಿಲ್ಲ ಎಂದಿದ್ದ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಬಹಳ ಹೊತ್ತು ನೋಡಿದಳು. “ಅವ್ವನ ಇದು,” ಎಂದಳು. ಅಷ್ಟೇ ಹೇಳಿ, ಹಾಲಿನ ಪುಡಿಯ ಡಬ್ಬಿ ಕಾಗದಕ್ಕೆ ಒತ್ತುತ್ತಿದೆಯೆಂದು ಅದನ್ನು ಒಂದು ಚೂರು ಸರಿಸಿದಳು. ನಾನು ಕಿಟಕಿಯ ಕಡೆ ತಿರುಗಿದೆ. ನಾಳೆ ಇಷ್ಟು ಹೊತ್ತಿಗೆ ಅವರು ಊರಿನಲ್ಲಿರುತ್ತಾರೆ. ಈ ಕಾಗದ ಅಲ್ಲಿನ ಕಬಾಟಿನಲ್ಲಿ ಕಾಯುತ್ತದೆ. ಅದನ್ನು ಹೊರತೆಗೆಯುವ ದಿನ ಮತ್ತೆ ಪಾಸ್‌ಪೋರ್ಟು, ಟಿಕೆಟ್ಟು, ಟ್ಯಾಕ್ಸಿ. ನಾವು ಆಗಲೂ ತಡವಾಗಿಯೇ ತಲುಪುತ್ತೇವೆ. ಅದಕ್ಕೆ ಯಾವ ಲ್ಯಾಬಿನಲ್ಲೂ ಏನೂ ಮಾಡಲಾಗುವುದಿಲ್ಲ. ಹೋಗಿ ಬಾಗಿಲಲ್ಲಿ ನಿಂತಾಗ, ಇವರ್ಯಾರು ಎಂದು ಅವಳು ಕೇಳಬೇಕಾಗುವುದಿಲ್ಲ, ಇಷ್ಟು ಮಾತ್ರ ಆಯಿತು.

ಅತ್ತೆ ಹಾಸಿಗೆಯ ಅಂಚಿಗೆ ಬಂದು, ಕನ್ನಡಕ ತೆಗೆದು, ಅದನ್ನು ಭೂತಗನ್ನಡಿಯಂತೆ ಕಾಗದದ ಮೇಲೆ ಹಿಡಿದು ತಮ್ಮನ್ನು ತಾವು ಮೇಲಿನಿಂದ ಕೆಳಗೆ ಪರೀಕ್ಷಿಸಿದರು. ಸೆರಗಿನ ಮೇಲೆ ನಿಂತರು, ತಲೆಯಾಡಿಸಿದರು. ಹಣೆಯ ಮೇಲೆ ನಿಂತರು, ತಲೆಯಾಡಿಸಿದರು. ಕಣ್ಣಿನ ಮೇಲೆ ನಿಂತರು. ಅಲ್ಲೇ ನಿಂತರು.

“ತಂಗಿ,” ಎಂದರು ಹೆಂಡತಿಗೆ, “ನಿಮ್ಮವರಿಗೆ ಕೇಳು, ಚಸ್ಮಾದಾಗ ಯಾರೋ ನಿಂತಾರ.”

ಮೂವರೂ ಬಗ್ಗಿದೆವು. ಮಗಳೂ ಓಡಿ ಬಂದಳು. ಫೋನಿನಲ್ಲಿ ಕಂಡಿರಲಿಲ್ಲ, ಮನೆಯ ಪ್ರಿಂಟರಿನ ಸಣ್ಣ ಕಾಗದದಲ್ಲಿ ಗೆರೆ, ಹಸಿರು, ಧೂಳುಗಳ ನಡುವೆ ಕಾಣುವ ಮಾತೇ ಇರಲಿಲ್ಲ. ಗೋಡೆಯ ಅಳತೆಗೆ ಹಿಗ್ಗಿಸಿದ ಮೇಲೆ, ಅತ್ತೆಯ ಕನ್ನಡಕದ ಎರಡೂ ಗಾಜುಗಳಲ್ಲಿ, ಬೆಳ್ಳನೆಯ ಆಕಾಶಕ್ಕೆ ಬೆನ್ನು ಮಾಡಿ, ತಲೆಗೆ ಟವೆಲ್ ಸುತ್ತಿಕೊಂಡು, ಮೊಣಕೈ ಅಗಲಿಸಿ, ಹೊಟ್ಟೆ ಮುಂದೆ ಮಾಡಿಕೊಂಡು ಒಬ್ಬ ಮನುಷ್ಯ ನಿಂತಿದ್ದ. ಎಡಗಾಜಿನಲ್ಲಿದ್ದವನ ಪಕ್ಕದಲ್ಲಿ, ಹಗ್ಗದ ಮೇಲೆ, ಅವನ ಬನಿಯನ್ನು.

“ಓ ಮೈ ಗಾಡ್, ಅಪ್ಪಾ!” ಎಂದು ಮಗಳು ನೆಲದ ಮೇಲೆ ಕೂತುಬಿಟ್ಟಳು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ, ಅವಳಿಗೂ ತಿಳಿದಂತಿರಲಿಲ್ಲ.

“ಈಗ ಹೋಗಿ ತಗಸ್ಕೊಂಡು ಬರ್ತೀನಿ,” ಎಂದೆ ಚಪ್ಪಲಿ ಹುಡುಕುತ್ತ. “ಐದು ನಿಮಿಷದ ಕೆಲಸ ಅದು ಅವರಿಗೆ. ಒಂದು ಗುಂಡಿ.”

“ಏನೂ ತಗಸೂದು ಬ್ಯಾಡಂತ ಹೇಳು,” ಎಂದರು ಅತ್ತೆ. ಕನ್ನಡಕ ಮತ್ತೆ ಕಿವಿಗೇರಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಕಡೆಗೆ ತಿರುಗಿದರು. “ಹಿಂದ ಯಾರೂ ಇಲ್ಲ, ಅದರಷ್ಟಕ್ಕ ಅದ ತಗೀತೈತಿ ಅಂದಿದ್ರಲ್ಲ. ಮತ್ತ ಈ ಟವೆಲ್ ಸುತ್ತಿದಾವ ಯಾರು ಅಂತ, ಅಷ್ಟ ಕೇಳು.”